ಹಳೇ ಜೀಪಿನ ಸೆಲ್ಫ್ ಎತ್ತಲಿಲ್ಲ ಅಂದ್ರ

ತಮ್ಮಾ, ಹಳೇ ಪೆಟ್ರೋಲ್ ಜೀಪು ತಂದು ಮುದನಾಳದ ಮನಿ ಮುಂದ ನಿಲ್ಲಿಸಿದಿ, ಛಲೋ ಆತು. ಮೂಲದಾಗ ಅದು ಅಮೆರಿಕದ ವಿಲ್ಲೀಸ್ ಗಾಡಿ. ಮಹೀಂದ್ರಾದವರು ಮೊದಲು ಬಿಡಿ ಭಾಗ ತರಿಸಿ ಮುಂಬೈದಾಗ ಜೋಡಿಸಿದ್ರು, ಆಮ್ಯಾಲ ಇಲ್ಲೇ ತಯಾರು ಮಾಡಿದ್ರು. ಎಂಜಿನ್ ಗಟ್ಟಿ. ಮುಂಜಾನೆ ಹೊಂಡೋ ಹೊತ್ತಿಗೆ ಕೈ ಕೊಡೋದು ಸೆಲ್ಫು. ಆಗ ಪಾನಾ ತಗೊಂಡು ಸೆಲ್ಫ್ ಮೋಟರ್ ಇಳಿಸಾಕ ಕೂಡಬ್ಯಾಡ. ಬಹಳ ಸಲ ದೋಷ ಮೋಟರಿನಾಗ ಇರೋದೇ ಇಲ್ಲ.

• ಮೊದಲು ಸಪ್ಪಳ ಕೇಳು. ಕಟಕಟಕಟ ಅಂತ ಬಡಕೊಂಡ್ರ ಬ್ಯಾಟರಿ ಇಳಿದದ, ಇಲ್ಲಾ ಟರ್ಮಿನಲ್ ಸಡಿಲ ಅದ. ಒಂದೇ ಸಲ ಟಕ್ ಅಂದು ಸುಮ್ಮನಾದ್ರ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬೇಕು, ಇಲ್ಲಾ ಕಾರ್ಬನ್ ಬ್ರಷ್ ಸವೆದಿರಬೇಕು, ಇಲ್ಲಾ ಸೆಲ್ಫಿನ ಸಣ್ಣ ಗೇರು, ಅಂದ್ರ ಪಿನಿಯನ್, ಹೋಗಿ ಫ್ಲೈವೀಲ್ ರಿಂಗಿನಾಗ ಸಿಕ್ಕಿರಬೇಕು. ಗುಂಯ್ ಅಂತ ಮೋಟರ್ ತಾನೊಂದೇ ತಿರುಗಿ ಎಂಜಿನ್ ಅಲ್ಲಾಡದಿದ್ರ ಪಿನಿಯನ್ನ ಮುಂದ ಸರಿಸೋ ಬೆಂಡಿಕ್ಸ್ ಮ್ಯಾಲ ಅನುಮಾನ ಪಡು. ಏನೂ ಸಪ್ಪಳಿಲ್ಲ ಅಂದ್ರ ಕರೆಂಟು ಅಲ್ಲಿಗೆ ಮುಟ್ಟೇ ಇಲ್ಲ.

• ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡಿ. ಲೈಟ್ ಪೂರಾ ಕುಂದಿದ್ರ ಬ್ಯಾಟರಿ ಕಡಿ ನೋಡು. ಲೈಟ್ ಹಂಗೇ ಬೆಳಗಿದ್ರ ಸ್ವಿಚ್, ವೈರ್ ನೋಡು. ಮೀಟರ್ ಇದ್ರ ಇನ್ನೂ ಛಲೋ: 12 ವೋಲ್ಟ್ ಬ್ಯಾಟರಿ ತುಂಬಿದಾಗ 12.6ರ ಹತ್ತಿರ ತೋರಸ್ತದ. ಸೆಲ್ಫ್ ಹೊಡಿಯುವಾಗ 9.6ಕ್ಕಿಂತ ಕೆಳಗ ಇಳಿದ್ರ ಆ ಬ್ಯಾಟರಿ ನಂಬಬ್ಯಾಡ.

• ಟರ್ಮಿನಲ್ ಮ್ಯಾಲಿನ ಬಿಳಿ-ಹಸಿರು ಪುಡಿ ತಿನ್ನೋ ಸೋಡಾ ಕಲಸಿದ ನೀರಿನಾಗ ತೊಳಿ. ಆ ನೀರು ಬ್ಯಾಟರಿ ಒಳಗ ಒಂದು ಹನಿ ಇಳಿಬಾರದು. ಕ್ಲಾಂಪಿನ ಒಳಮೈ ಫಳಫಳ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಮ್ಯಾಲ ವ್ಯಾಸಲೀನ್ ಸವರು. ಬಿಚ್ಚುವಾಗ ಅರ್ತ್ ಕಡಿದು ಮೊದಲು, ಹಾಕುವಾಗ ಅದೇ ಕಡೀಕ.

• ಅರ್ತ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರ ಎಲ್ಲರೂ ಮರೆಯೋದು ಇದನ್ನೇ. ಎಂಜಿನ್ ಕೂತಿರೋದು ರಬ್ಬರಿನ ಮ್ಯಾಲ. ರಬ್ಬರಿನಾಗ ಕರೆಂಟು ಹಾಯೋದಿಲ್ಲ. ಅದಕ್ಕ ಎಂಜಿನ್ನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿರ್ತಾರ. ಅದು ಹರಿದಿರ್ತದ, ಇಲ್ಲಾ ಅದರ ಬೋಲ್ಟಿಗಿ ಜಂಗು ಹಿಡಿದು ಮ್ಯಾಲ ಯಾರೋ ಬಣ್ಣ ಹೊಡೆದಿರ್ತಾರ. ಆಗ ಕರೆಂಟು ವಾಪಸ್ ಹೋಗಾಕ ಬ್ಯಾರೆ ದಾರಿ ಹುಡುಕ್ತದ. ಸೆಲ್ಫ್ ಹೊಡೆದ ಕೂಡಲೇ ಚೋಕ್ ವೈರ್ ಮುಟ್ಟಿ ನೋಡು, ಬಿಸಿ ಆಗಿದ್ರ ಕಳ್ಳ ಸಿಕ್ಕ. ಬ್ಯಾಟರಿಯ ಅರ್ತ್ ಕಂಬಕ್ಕೊಂದು, ಎಂಜಿನ್ ಬ್ಲಾಕಿಗೊಂದು ಮೀಟರ್ ವೈರ್ ಹಿಡಿದು ಸೆಲ್ಫ್ ಹೊಡೆಸಿದ್ರೂ ಗೊತ್ತಾಗ್ತದ. ಅರ್ಧ ವೋಲ್ಟ್ ತೋರಿಸಿದ್ರ ಅರ್ತ್ ಕೆಟ್ಟದ. ಪಟ್ಟಿ ಬದಲಿಸಾಕ ಬಹಳ ರೊಕ್ಕ ಬೀಳೋದಿಲ್ಲ.

• ಬಹಳ ಹಳೇ ವಿಲ್ಲೀಸ್ ಇದ್ರ ಅದು 6 ವೋಲ್ಟಿನ ಗಾಡಿ. ವೋಲ್ಟ್ ಅರ್ಧ ಆದ್ರ ಅಷ್ಟೇ ಕೆಲಸಕ್ಕ ಆಂಪಿಯರ್ ದುಪ್ಪಟ್ಟು ಬೇಕು. ಇಳಿಜಾರು ಕಡಿಮಿ ಇರೋ ಕಾಲುವಿ ಅಗಲ ಇರಬೇಕಲ್ಲ, ಇಲ್ಲಿ ಕೇಬಲ್ಲೂ ಹಂಗೇ ದಪ್ಪ ಇರಬೇಕು. 12 ವೋಲ್ಟ್ ಗಾಡಿಯ ಸಣ್ಣ ಕೇಬಲ್ ಹಾಕಿ, ಸೆಲ್ಫ್ ನಿಧಾನ ತಿರುಗ್ತದ ಅಂತ ಅಂಗಡಿ ಅಂಗಡಿ ಅಲೆಯೋರನ್ನ ಕಂಡೀನಿ.

• ಸೆಲ್ಫ್ ಹೊಡಿಯೋದು ಒಂದು ಸಲಕ್ಕ ಹತ್ತು ಸೆಕೆಂಡ್ ಸಾಕು. ಆಮ್ಯಾಲ ಒಂದು ನಿಮಿಷ ಬಿಡು. ಒತ್ತಿ ಹಿಡಿದ್ರ ಆರ್ಮೇಚರ್ ಸುಡ್ತದ.

• ಡೈನಮೋ ಇರೋ ಗಾಡಿ ಸ್ಲೋದಾಗ ನಿಂತ್ರ ಬ್ಯಾಟರಿ ಚಾರ್ಜ್ ಆಗೋದಿಲ್ಲ. ಆಂಪಿಯರ್ ಮೀಟರಿನ ಮುಳ್ಳು ಮೈನಸ್ ಕಡಿ ವಾಲಿದ್ದು ಕಾಣ್ತದ. ಮುದನಾಳದಿಂದ ಯಾದಗಿರಿ ಸಂತಿಗಿ ಹೋಗಿ ಬರೋದ್ರಾಗ ಸೆಲ್ಫ್ ತಿಂದ ಕರೆಂಟು ಪೂರಾ ತುಂಬೋದಿಲ್ಲ. ಆಗಾಗ ಶಹಾಪುರದ ತನಕ ಓಡಿಸು. ನಮ್ಮ ಬ್ಯಾಸಿಗಿಯೊಳಗ ಬ್ಯಾಟರಿ ನೀರು ಲಗೂನ ಆರ್ತದ. ಡಿಸ್ಟಿಲ್ಡ್ ವಾಟರೇ ಹಾಕು, ಬೋರಿನ ನೀರು ಬ್ಯಾಡ.

• ಬೆಂಡಿಕ್ಸಿಗಿ ಗ್ರೀಸು, ಎಣ್ಣಿ ಬಡಿಬ್ಯಾಡ. ನಮ್ಮ ಎರಿ ಮಣ್ಣಿನ ಧೂಳು ಅದಕ್ಕ ಹತ್ತಿ ಗಟ್ಟಿಯಾಗ್ತದ, ಪಿನಿಯನ್ ಮುಂದ ಸರಿಯೋದಿಲ್ಲ. ಬಿಚ್ಚಿ, ಬೀಡಿ-ಬೆಂಕಿ ದೂರ ಇಟ್ಟು, ಪೆಟ್ರೋಲಿನಾಗ ತೊಳೆದು ಒಣಗಿಸಿ ಹಾಕು. ಸ್ಪ್ರಿಂಗ್ ಮುರಿದಿದ್ರ ಅಲ್ಲೇ ಕಾಣ್ತದ.

• ಪಿನಿಯನ್ ಸಿಕ್ಕಿಬಿದ್ರ ಇಗ್ನಿಷನ್ ಬಂದ್ ಮಾಡಿ, ಟಾಪ್ ಗೇರಿಗಿ ಹಾಕಿ, ಗಾಡಿನ ಹಿಂದಮುಂದ ಜಗ್ಗು. ಬಿಟ್ಟುಕೊಡ್ತದ. ಮತ್ತ ಮತ್ತ ಸಿಕ್ಕಿದ್ರ ಫ್ಲೈವೀಲ್ ರಿಂಗಿನ ಹಲ್ಲು ನೋಡಿಸು. ನಾಲ್ಕು ಸಿಲಿಂಡರಿನ ಎಂಜಿನ್ ಬಂದ್ ಆದಾಗ ಹೆಚ್ಚುಕಡಿಮಿ ಎರಡೇ ಜಾಗಾದಾಗ ನಿಲ್ತದ. ಅದಕ್ಕ ಹಲ್ಲು ಸವೆಯೋದೂ ಆ ಎರಡೇ ಜಾಗಾದಾಗ. ಬಲ್ಲವರು ರಿಂಗ್ ಕಾಯಿಸಿ ಬಿಚ್ಚಿ, ಸ್ವಲ್ಪ ತಿರುಗಿಸಿ ಮತ್ತ ಕೂಡಸ್ತಾರ.

• ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಲಿಲ್ಲ ಅಂದ್ರ ಸೆಲ್ಫಿಗಿ ಬೈಬ್ಯಾಡ. ಏಪ್ರಿಲ್-ಮೇ ಬಿಸಿಲಾಗ ಪೆಟ್ರೋಲ್ ಪೈಪಿನಾಗೇ ಆವಿ ಆಗ್ತದ, ಪಂಪಿಗಿ ಎಳಿಯಾಕ ಆಗೋದಿಲ್ಲ. ಪಂಪಿನ ಮ್ಯಾಲ ಒದ್ದಿ ಅರಿವಿ ಹಾಕಿ ಬೇವಿನ ನೆಳ್ಳಿಗಿ ಸ್ವಲ್ಪ ಹೊತ್ತು ಕೂಡು.

• ಈಗ ಟ್ರ್ಯಾಕ್ಟರ್ ಇದ್ದವರು ಕೇಳ್ರಿ. ನಾರಾಯಣಪುರ ಕಾಲುವಿ ನೀರು ಬಂದ ಮ್ಯಾಲ ಶಹಾಪುರ, ಸುರಪುರ ಕಡಿ ಭತ್ತದ ಗದ್ದಿ ಹೆಚ್ಚಾದವು. ಕೇಜ್ ವೀಲ್ ಹಾಕಿ ಕೆಸರಿನಾಗ ಹೊಡೆದ್ರ ರಾಡಿ ಹೋಗಿ ಸೆಲ್ಫಿನಾಗ ಕೂಡ್ತದ, ಒಂದು ಮುಂಜಾನೆ ಅದು ಎತ್ತೋದಿಲ್ಲ. ಆಗ ಕೆಳಗ ನಿಂತು ಸೊಲೆನಾಯ್ಡಿನ ಎರಡೂ ಬೋಲ್ಟಿಗಿ ಪಾನಾ ಹಚ್ಚಿ ಕಿಡಿ ಹಾರಿಸೋ ಚಾಳಿ ಹುಡುಗರಿಗಿ ಅದ. ಗೇರಿನಾಗ ಇದ್ರ ಎಂಜಿನ್ ಹಿಡಿದ ಕೂಡಲೇ ಟ್ರ್ಯಾಕ್ಟರ್ ಮುಂದ ಬರ್ತದ, ನೀ ನಿಂತಿದ್ದು ದೊಡ್ಡ ಗಾಲಿ ಮುಂದ. ಹೀಂಗ ಜೀವ ಹೋಗ್ತಾವ. ಸೆಲ್ಫ್ ಹೊಡಿಯೋದು ಸೀಟಿನ ಮ್ಯಾಲ ಕೂತು, ಗೇರ್ ನ್ಯೂಟ್ರಲ್ ಮಾಡಿ, ಕ್ಲಚ್ ತುಳಿದು. ಇದರಾಗ ಯಾವ ಅವಸರಕ್ಕೂ ರಿಯಾಯ್ತಿ ಇಲ್ಲ.

• ನಿನ್ನ ಜೀಪಿಗಿ ಹ್ಯಾಂಡಲ್ ಅದ, ಒಗಿಬ್ಯಾಡ. 1912ರಾಗ ಅಮೆರಿಕದ ಕ್ಯಾಡಿಲಾಕ್ ಕಾರಿಗಿ ಚಾರ್ಲ್ಸ್ ಕೆಟರಿಂಗ್ ಅವರ ಎಲೆಕ್ಟ್ರಿಕ್ ಸೆಲ್ಫ್ ಬರೋ ತನಕ ಬಹಳ ಮಂದಿಗಿ ಹ್ಯಾಂಡಲೇ ಗತಿ ಇತ್ತು, ಅದು ತಿರುಗಿ ಒದ್ದು ಮಣಿಕಟ್ಟು ಮುರಿದಿದ್ದೂ ಬಹಳ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ನೋಡಿಕೋ. ಹೆಬ್ಬೆರಳು ಉಳಿದ ಬೆರಳಿನ ಕಡಿನೇ ಇರಲಿ, ಹ್ಯಾಂಡಲ್ ಸುತ್ತಬ್ಯಾಡ. ಕೆಳಗಿಂದ ಮ್ಯಾಲಕ ಜಗ್ಗು, ಮ್ಯಾಲಿಂದ ಕೆಳಗ ಒತ್ತಬ್ಯಾಡ.

• ಇಷ್ಟೆಲ್ಲಾ ನೋಡಿದ ಮ್ಯಾಲೂ ಆಗಲಿಲ್ಲ ಅಂದ್ರ ಸೆಲ್ಫ್ ಇಳಿಸಿ ಅಂಗಡಿಗಿ ಒಯ್ಯಿ. ವೈಂಡಿಂಗ್ ಸುಟ್ಟದ ಅಂತ ಮೊದಲೇ ಹೇಳಿದ್ರ ಒಪ್ಪಬ್ಯಾಡ, ಬಿಚ್ಚಿ ತೋರಿಸು ಅನ್ನು. ಬ್ರಷ್ ಅರ್ಧಕ್ಕಿಂತ ಸವೆದಿದ್ರ ಬದಲಿಸು. ಬುಷ್ ಸವೆದಿದ್ರ ಆರ್ಮೇಚರ್ ಪಕ್ಕಕ್ಕ ತಾಗಿದ ಗೀರು ಕಾಣ್ತದ. ಹೊಸ ಬುಷ್ ಎಣ್ಣಿಯೊಳಗ ನೆನಸಿ ಹಾಕಿಸು. ಕಮ್ಯುಟೇಟರ್ ಉಜ್ಜಾಕ ನುಣ್ಣನೆ ಉಪ್ಪುಕಾಗದ ಇರಲಿ, ಎಮರಿ ಬ್ಯಾಡ. ಅದರ ಪುಡಿ ಪಟ್ಟಿಗಳ ನಡುವ ಕೂತು ಶಾರ್ಟ್ ಮಾಡ್ತದ. ಮನಿಗಿ ತರೂಕಿಂತ ಮೊದಲು ಅಲ್ಲೇ ನೆಲದ ಮ್ಯಾಲಿಟ್ಟು, ಕಾಲಿಲೆ ಒತ್ತಿ ಹಿಡಿದು, ಬ್ಯಾಟರಿ ಕೊಟ್ಟು ತಿರುಗಿಸಿ ತೋರಿಸಾಕ ಹೇಳು. ಹಳೇ ಬ್ರಷ್, ಬುಷ್ ವಾಪಸ್ ಇಸ್ಕೋ.