ಆಪರೇಷನ್‌ಗೆ ಮುನ್ನ ಯಕೃತ್ತನ್ನೂ ವಿಚಾರಿಸಿ

ಪಿತ್ತಕೋಶದ ಕಲ್ಲು, ಹರ್ನಿಯಾ, ಗರ್ಭಕೋಶದ ಗೆಡ್ಡೆ ಮುಂತಾದ ತೊಂದರೆಗೆ ಆಪರೇಷನ್ ದಿನ ಗೊತ್ತಾಯಿತೆಂದರೆ ಮನೆಯವರು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ. ಸಕ್ಕರೆ ಕಾಯಿಲೆ ಇದೆ, ಪರವಾಗಿಲ್ಲವೆ? ಹೃದಯ ತಡೆದುಕೊಂಡೀತೆ? ಯಕೃತ್ತಿನ ವಿಷಯ ಯಾರೂ ಎತ್ತುವುದಿಲ್ಲ. ದಪ್ಪ ಮೈಯವರಲ್ಲಿ ಅದನ್ನೂ ಕೇಳಲೇಬೇಕು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ದುಡಿಯುವ ಜನಕ್ಕೆ ಬೊಜ್ಜೆಲ್ಲಿಂದ ಬರಬೇಕು ಎಂದೀರಿ. ತೋಟಕ್ಕೆ ಬೈಕಿನಲ್ಲಿ ಹೋಗಿ, ಬೋರ್‌ವೆಲ್ ಮೋಟರನ್ನು ಮನೆಯಿಂದಲೇ ಚಾಲೂ ಮಾಡುವ ಕಾಲವಿದು. ಮುದ್ದೆ ಕಡಿಮೆಯಾಗಿ ಅನ್ನ, ಬೇಕರಿ ತಿಂಡಿ ಹೆಚ್ಚಾಗಿವೆ. ನಮ್ಮವರಲ್ಲಿ ಇನ್ನೊಂದು ವಿಶೇಷ, ಕೈಕಾಲು ಸಣ್ಣಗಿದ್ದರೂ ಹೊಟ್ಟೆ ಮಾತ್ರ ಮುಂದೆ ಬರುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು. ಆ ಹೊಟ್ಟೆಯೊಳಗಿನ ಕೊಬ್ಬಿನ ಒಂದು ಪಾಲು ಯಕೃತ್ತಿಗೂ ಸೇರಿರುತ್ತದೆ. ನೋವಿಲ್ಲ, ಕಾಮಾಲೆಯಿಲ್ಲ. ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಎಂದು ಬರೆದಿರುತ್ತದೆ. 'ಈಗ ಎಲ್ಲರಿಗೂ ಇದೆಯಂತೆ' ಎಂದು ಆ ಹಾಳೆಯನ್ನು ಮಡಚಿಡುತ್ತೇವೆ.

ಅರಿವಳಿಕೆ ತಜ್ಞರಿಗೆ ಯಕೃತ್ತಿನ ಚಿಂತೆ ಹತ್ತಿಸಿದ್ದು ಹ್ಯಾಲೋಥೇನ್ ಎಂಬ ಔಷಧ. 1951ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಚಾರ್ಲ್ಸ್ ಸಕ್ಲಿಂಗ್ ಅದನ್ನು ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನ ಅರಿವಳಿಕೆ ತಜ್ಞ ಮೈಕೇಲ್ ಜಾನ್‌ಸ್ಟನ್ ರೋಗಿಗಳಿಗೆ ಕೊಟ್ಟರು. ಈಥರ್‌ನಂತೆ ಬೆಂಕಿ ಹತ್ತುವ ಭಯವಿರಲಿಲ್ಲವಾಗಿ ಎಲ್ಲೆಡೆ ಹರಡಿತು. ಆದರೆ ಕೆಲವರಿಗೆ ಆಪರೇಷನ್ ಆಗಿ ಕೆಲವು ದಿನಗಳಲ್ಲಿ ಜ್ವರ, ಕಾಮಾಲೆ ಕಾಣಿಸಿ ಯಕೃತ್ತು ಕೆಟ್ಟುಹೋಯಿತು. ಅಮೆರಿಕದ 34 ಆಸ್ಪತ್ರೆಗಳ ಸುಮಾರು ಎಂಟೂವರೆ ಲಕ್ಷ ಅರಿವಳಿಕೆಗಳನ್ನು ಜಾಲಾಡಿದ ಅಧ್ಯಯನ 1966ರಲ್ಲಿ ಹೊರಬಂತು. ಬೇರೆ ಕಾರಣ ಸಿಗದ ಮಾರಕ ಹಾನಿ ಸುಮಾರು 35,000 ಹ್ಯಾಲೋಥೇನ್ ಅರಿವಳಿಕೆಗೆ ಒಂದು ಎಂದು ಲೆಕ್ಕ ಸಿಕ್ಕಿತು. ಅಪರೂಪವೇ, ಆದರೆ ಬಂದರೆ ಪ್ರಾಣಕ್ಕೆ ಕುತ್ತು. ನಡುವಯಸ್ಸಿನವರು, ಹೆಂಗಸರು, ದಪ್ಪ ಮೈಯವರು, ಸ್ವಲ್ಪ ದಿನದಲ್ಲೇ ಎರಡನೆಯ ಸಲ ಅದೇ ಔಷಧ ಪಡೆದವರು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಿದ್ದರು.

ದಪ್ಪ ಮೈಯವರಿಗೇ ಏಕೆ? 1970-80ರ ದಶಕದ ಸಂಶೋಧನೆಗಳಲ್ಲಿ ಉತ್ತರದ ಸುಳಿವಿದೆ. ಹ್ಯಾಲೋಥೇನ್ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ಕೊಬ್ಬು ಅದನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಯಕೃತ್ತು ಅದನ್ನು ಒಡೆಯುತ್ತಲೇ ಇರಬೇಕಾಗುತ್ತದೆ. ಅಂಥವರ ರಕ್ತ ಪರೀಕ್ಷಿಸಿದಾಗ ಒಡೆದ ಔಷಧದ ಅಂಶ ತೆಳ್ಳನೆಯವರಿಗಿಂತ ಹೆಚ್ಚಾಗಿತ್ತು. ಈ ಚೂರುಗಳು ಯಕೃತ್ತಿನ ಪ್ರೋಟೀನಿಗೆ ಅಂಟಿಕೊಂಡಾಗ ಕೆಲವರಲ್ಲಿ ದೇಹ ತನ್ನ ಯಕೃತ್ತನ್ನೇ ಶತ್ರುವೆಂದು ತಿಳಿದು ಮೇಲೆ ಬೀಳುತ್ತದೆ.

ಹ್ಯಾಲೋಥೇನ್‌ನ ಸುಮಾರು ಶೇ 20 ಭಾಗ ಹೀಗೆ ದೇಹದಲ್ಲಿ ಒಡೆಯುತ್ತದೆ. ನಂತರ ಬಂದ ಐಸೋಫ್ಲುರೇನ್‌ನಲ್ಲಿ ಇದು ಶೇ 0.2 ಮಾತ್ರ. ಹಾಗಾದರೆ ಭಯ ಮುಗಿಯಿತೆ? ಪೂರ್ತಿ ಇಲ್ಲ. ಔಷಧ ಬದಲಾದರೂ ಕೊಬ್ಬು ತುಂಬಿದ ಯಕೃತ್ತು ಹಾಗೇ ಇದೆ. ಅದರ ಜೀವಕೋಶಗಳು ಉಬ್ಬಿ ನಡುವಣ ಸೂಕ್ಷ್ಮ ರಕ್ತನಾಳಗಳನ್ನು ಒತ್ತಿರುತ್ತವೆ. ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿದರೆ, ಲ್ಯಾಪರೋಸ್ಕೋಪಿಗೆಂದು ಹೊಟ್ಟೆಗೆ ಗಾಳಿ ತುಂಬಿದರೆ ಯಕೃತ್ತಿನ ರಕ್ತದ ಹರಿವು ಇನ್ನೂ ತಗ್ಗುತ್ತದೆ. ಆರೋಗ್ಯವಂತ ಯಕೃತ್ತು ಅದನ್ನು ಸಹಿಸುತ್ತದೆ, ಕೊಬ್ಬಿನ ಯಕೃತ್ತಿಗೆ ಅಷ್ಟು ತಾಳ್ಮೆಯಿಲ್ಲ. 'ಬೆನ್ನಿಗೆ ಸೂಜಿ ಕೊಟ್ಟರೆ ಏನೂ ಆಗುವುದಿಲ್ಲ' ಎಂಬ ಮಾತು ಹಳ್ಳಿಗಳಲ್ಲಿದೆ. ಬೆನ್ನಿನ ಸೂಜಿಯಿಂದಲೂ ರಕ್ತದೊತ್ತಡ ಇಳಿಯುತ್ತದೆಂಬುದು ನೆನಪಿರಲಿ.

ಆದ್ದರಿಂದ ಅರಿವಳಿಕೆ ತಜ್ಞರು ನೋಡಲು ಬಂದಾಗ ಸಂಕೋಚ ಬೇಡ. ಮದ್ಯಪಾನವಿದ್ದರೆ ಹೆಂಡತಿ ಮಕ್ಕಳ ಎದುರಿಗೆ ಮುಚ್ಚಿಟ್ಟರೂ ವೈದ್ಯರಿಗೆ ಗುಟ್ಟಾಗಿ ಹೇಳಿ. ಹಿಂದೆ ಕಾಮಾಲೆ ಬಂದಿದ್ದರೆ, ನಾಟಿ ಔಷಧ ಕುಡಿಯುತ್ತಿದ್ದರೆ ಅದನ್ನೂ ತಿಳಿಸಿ. ಅಮೃತಬಳ್ಳಿ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿನ ಹಾನಿ ಕಂಡದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ತುರ್ತಿಲ್ಲದ ಆಪರೇಷನ್ ಆದರೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಲು, ವೈದ್ಯರ ಸಲಹೆಯಂತೆ ತೂಕ ಇಳಿಸಲು ಸಮಯವಿದೆ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಮೊದಲು ಎರಡು ವಾರ ಮಿತ ಕ್ಯಾಲೊರಿಯ ಆಹಾರ ಕೊಟ್ಟರೂ ಯಕೃತ್ತಿನ ಗಾತ್ರ ಕುಗ್ಗುವುದುಂಟು. ನಿಮ್ಮಷ್ಟಕ್ಕೆ ನೀವೇ ಉಪವಾಸ ಹೂಡಬೇಡಿ. ಅಪೆಂಡಿಕ್ಸ್, ಸಿಸೇರಿಯನ್‌ನಂಥ ತುರ್ತಿನಲ್ಲಿ ಮಾತ್ರ ತೂಕದ ನೆಪ ಹೇಳಿ ಒಂದು ಗಳಿಗೆಯೂ ತಡಮಾಡಕೂಡದು.

ಮನೆಗೆ ಬಂದ ಮೇಲೆ ಜ್ವರ ಬಿಡದಿದ್ದರೆ, ಮೂತ್ರ ಕಡುಹಳದಿಯಾದರೆ, ಕಣ್ಣು ಹಳದಿಗಟ್ಟಿದರೆ ಔಷಧದಂಗಡಿಗೋ ಕಾಮಾಲೆ ಔಷಧ ಕೊಡುವವರ ಮನೆಗೋ ಹೋಗದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಮರಳಿ. ನೋವಿಗೆಂದು ಕೊಟ್ಟ ಪ್ಯಾರಾಸಿಟಮಾಲ್ ಮಾತ್ರೆಯನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಬೇಡಿ, ಅತಿಯಾದರೆ ಅದೂ ಯಕೃತ್ತಿಗೇ ಪೆಟ್ಟು. ತಾಲ್ಲೂಕು ಆಸ್ಪತ್ರೆಯಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಕಳಿಸಿದರೆ ಹಳೆಯ ಡಿಸ್‌ಚಾರ್ಜ್ ಚೀಟಿ, ಮಡಚಿಟ್ಟ ಆ ಸ್ಕ್ಯಾನ್ ರಿಪೋರ್ಟು ಎರಡನ್ನೂ ಜೊತೆಗೆ ಒಯ್ಯಿರಿ. ಹಿಂದಿನ ಸಲ ಯಾವ ಅರಿವಳಿಕೆ ಕೊಟ್ಟಿದ್ದರು, ಆಮೇಲೆ ಕಾಮಾಲೆ ಬಂದಿತ್ತೆ ಎಂಬುದು ಹೊಸ ವೈದ್ಯರಿಗೆ ತಿಳಿಯಲು ಬೇರೆ ದಾರಿಯಿಲ್ಲ.