ಬೆಳೆಸುವ ವಸ್ತುವೇ ಕೆಡಿಸುವುದು ಹೇಗೆ?

ನಂಜನಗೂಡನ್ನು ಬಳಸಿ ಹರಿದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವಳಷ್ಟೆ. ನಮ್ಮ ಗದ್ದೆಗಳನ್ನು ತಣಿಸುವ ಆ ನೀರೇ 2019ರ ಆಗಸ್ಟಿನಲ್ಲಿ ದಡಮೀರಿ ಮನೆಗಳಿಗೆ ನುಗ್ಗಿತು. ನೀರು ಕೆಟ್ಟದ್ದಲ್ಲ, ಅಂಕೆ ತಪ್ಪಿದ್ದೇ ಕೆಡುಕು. ಅರ್ಬುದವೆಂಬ ಕ್ಯಾನ್ಸರ್ ರೋಗದಲ್ಲಿಯೂ ಇಂತಹುದೇ ಪಾಠವುಂಟು.

ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ಪಾಲಿಅಮೈನ್‌ಗಳೆಂಬ ಸಣ್ಣ ವಸ್ತುಗಳಿವೆ. ಪುಟ್ರೆಸೀನ್, ಸ್ಪರ್ಮಿಡೀನ್, ಸ್ಪರ್ಮೀನ್ ಇವೇ ಅವುಗಳಲ್ಲಿ ಮುಖ್ಯವಾದವು. ಇವುಗಳ ನೆರವಿಲ್ಲದೆ ಕೋಶವು ಬೆಳೆದು ಇಮ್ಮಡಿಯಾಗಲಾರದು. ಮಗು ಬೆಳೆಯಲಾರದು, ಗಾಯ ಮಾಯಲಾರದು. ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವವು ನಾಲೆಯ ನೀರುಗಂಟಿಯಂತೆ ಇವುಗಳ ಉತ್ಪತ್ತಿಯನ್ನು ಅಳತೆಯಲ್ಲಿಡುವುದು. ಅನೇಕ ಅರ್ಬುದಗಳಲ್ಲಾದರೋ ತೂಬು ಮುಚ್ಚದೆ, ಕೋಶಗಳು ಮಿತಿಯಿಲ್ಲದೆ ಹೆಚ್ಚುವುದಕ್ಕೆ ಇವೇ ಒತ್ತಾಸೆಯಾಗುತ್ತವೆ.

ಆ ತೂಬನ್ನು ಮುಚ್ಚಲು ವಿದ್ವಾಂಸರು ಯತ್ನಿಸಿದರು. ದೊಡ್ಡ ಕರುಳಿನ ಗಂಟುಗಳನ್ನು ತೆಗೆಸಿಕೊಂಡವರಿಗೆ, ಈ ಕಿಣ್ವವನ್ನು ತಡೆಯುವ ಎಫ್ಲಾರ್ನಿಥೀನ್ ಎಂಬ ಔಷಧವನ್ನು ಸುಲಿಂಡ್ಯಾಕ್ ಎಂಬುದರೊಡನೆ ಅಮೆರಿಕದಲ್ಲಿ ಮೂರು ವರ್ಷ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಫಲವಿದು: ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 41 ಮಂದಿಗೆ ಗಂಟುಗಳು ಮರುಕಳಿಸಿದರೆ, ಔಷಧ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಮಾತ್ರ. ಆದರೂ ಈ ಔಷಧದಿಂದ ಕಿವಿ ಮಂದವಾಗುವುದುಂಟಾದಕಾರಣ, ವೈದ್ಯರ ಅಪ್ಪಣೆಯಿಲ್ಲದೆ ಸೇವಿಸತಕ್ಕದ್ದಲ್ಲ.

ಈ ಪಾಠ ನಡೆದಾಗ ಹುಡುಗಿಯೊಬ್ಬಳು, "ಹಾಗಾದರೆ ಇವು ಇರುವ ಆಹಾರವನ್ನೇ ಬಿಡಬೇಕೆ, ಟೀಚರ್?" ಎಂದಳು. "ಬೇಡ ಮಗು. ಕಾಳು, ತರಕಾರಿಗಳಲ್ಲಿಯೂ ಇವುಂಟು, ಅವನ್ನು ಉಣ್ಣಲೇಬೇಕು. ಬಿಡಬೇಕಾದದ್ದು ಹೊಗೆಸೊಪ್ಪು, ಅಡಿಕೆ," ಎಂದೆವು. ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯು ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ನಿರ್ಣಯಿಸಿದೆ. ತರಗತಿ ಮುಗಿದ ಮೇಲೆ ಆ ಹುಡುಗಿ ನಮ್ಮ ಬಳಿಗೆ ಬಂದು, "ನಮ್ಮಜ್ಜಿಯ ಬಾಯೊಳಗೆ ಬಿಳಿಯ ಮಚ್ಚೆಯಿದೆ, ಯಾರಿಗೂ ಹೇಳಬೇಡವೆಂದಿದ್ದಾರೆ," ಎಂದು ತಗ್ಗಿದ ದನಿಯಲ್ಲಿ ನುಡಿದಳು. ಆ ದಿನವೇ ಆಕೆಯ ತಾಯಿಯನ್ನು ಕರೆಸಿ, ತಡಮಾಡದೆ ವೈದ್ಯರಿಗೆ ತೋರಿಸಿರೆಂದು ಹೇಳಿಕಳುಹಿಸಿದೆವು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯ್ತಂದೆಗಳೇ, ತಾಂಬೂಲದ ಗೌರವವು ತಟ್ಟೆಯಲ್ಲಿಯೇ ಇರಲಿ. ಅಡಿಕೆ ಬಾಯಿಗೆ ಬೇಡ. ಎರಡು ವಾರವಾದರೂ ಮಾಯದ ಬಾಯಿಹುಣ್ಣನ್ನಾಗಲಿ, ಬಿಳಿಯ ಇಲ್ಲವೆ ಕೆಂಪು ಮಚ್ಚೆಯನ್ನಾಗಲಿ ಮರೆಮಾಚಬೇಡಿರಿ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿರಿ. ಅಗತ್ಯಬಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯುಂಟು. ಪ್ರವಾಹ ಬಂದ ಮೇಲೆ ಏರಿ ಕಟ್ಟುವುದಕ್ಕಿಂತ, ಬಿರುಕು ಕಂಡ ದಿನವೇ ಮಣ್ಣು ಮೆತ್ತುವುದು ಲೇಸಲ್ಲವೆ?

— ಮುಖ್ಯೋಪಾಧ್ಯಾಯಿನಿ