ತಪ್ಪೊಪ್ಪಿಗೆಯ ಒಪ್ಪಂದವೂ ಅಪೀಲಿನ ಹಕ್ಕೂ

ಕ್ರಿಮಿನಲ್ ಮೊಕದ್ದಮೆಯಲ್ಲಿ ಸಿಕ್ಕಿಕೊಂಡವನಿಗೆ ಕೋರ್ಟಿನ ಅಂಗಳದಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. “ಒಪ್ಪಿಕೊಂಡುಬಿಡು, ಬೇಗ ಮುಗಿಯುತ್ತದೆ. ಸರಿಬೀಳದಿದ್ದರೆ ಮೇಲೆ ಅಪೀಲು ಇದ್ದೇ ಇದೆ” ಎನ್ನುತ್ತಾರೆ. ಬೇಗ ಮುಗಿಯುವುದು ನಿಜವಿರಬಹುದು. ಅಪೀಲಿನ ಮಾತು ಮಾತ್ರ ನಂಬತಕ್ಕದ್ದಲ್ಲ.

ಆಪಾದಿತನು ತಪ್ಪನ್ನು ಒಪ್ಪಿ, ನೊಂದವನಿಗೆ ಪರಿಹಾರ ಕೊಟ್ಟು, ಕಡಮೆ ಸಜೆ ಪಡೆಯುವ ಏರ್ಪಾಡಿಗೆ ಪ್ಲೀ ಬಾರ್ಗೇನಿಂಗ್ ಎಂದು ಹೆಸರು. ನಮ್ಮ ದೇಶದಲ್ಲಿ ಇದು 2006ರ ಜುಲೈ 5ರಂದು ಜಾರಿಗೆ ಬಂತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೇರಿದೆ. ಏಳು ವರ್ಷಕ್ಕೆ ಮೀರಿದ ಸಜೆಯ ಅಪರಾಧಗಳಿಗೂ, ಹೆಂಗಸರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೂ ಇದು ಸಲ್ಲದು. ದೋಷಾರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು.

ಬದುವಿನ ಜಗಳದಲ್ಲಿ ಒಬ್ಬನು ಕುಡುಗೋಲು ಬೀಸಿ ನೆರೆಯವನ ಕೈಗೆ ಸಣ್ಣ ಗಾಯ ಮಾಡಿದನೆನ್ನಿ. ಇದಕ್ಕೆ ಮೂರು ವರ್ಷದವರೆಗೆ ಸಜೆಯುಂಟು. ಒಪ್ಪಂದವಾದರೆ ಅದರ ನಾಲ್ಕನೆಯ ಒಂದು ಪಾಲು, ಅಂದರೆ 9 ತಿಂಗಳು. ಹಿಂದೆ ಯಾವ ಶಿಕ್ಷೆಯೂ ಆಗದವನಿಗೆ ಆರನೆಯ ಒಂದು ಪಾಲು, 6 ತಿಂಗಳು. ಸನ್ನಡತೆಯ ಮೇಲೆ ಬಿಡುಗಡೆಯೂ ದೊರೆಯಬಹುದು. ಲಾಭವಿಲ್ಲವೆನ್ನಲಾಗದು.

ಆದರೆ ಇದನ್ನು ಊರಿನ ರಾಜಿಯೆಂದು ಭಾವಿಸಬೇಡಿ. ಕಾನೂನು ಒಪ್ಪುವ ರಾಜಿಯಾದರೆ ಆಪಾದಿತನು ಖುಲಾಸೆಯಾದಂತೆ. ಇಲ್ಲಿ ಅವನು ಅಪರಾಧಿಯೆಂದೇ ದಾಖಲೆಯಾಗುತ್ತದೆ. ಮೇಲಾಗಿ ಸಂಹಿತೆಯ 295ನೆಯ ಕಲಮಿನ ಪ್ರಕಾರ ಆ ತೀರ್ಪೇ ಅಂತಿಮ. ಅದರ ಮೇಲೆ ಅಪೀಲು ಇಲ್ಲ. ಉಳಿಯುವುದು ಹೈಕೋರ್ಟಿಗೆ ರಿಟ್ ಅರ್ಜಿ, ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿಯ ಅರ್ಜಿ. ಇವೆರಡೂ ನ್ಯಾಯಾಲಯದ ವಿವೇಚನೆಗೆ ಸೇರಿದವು. ಸಾಕ್ಷಿಯನ್ನು ಮತ್ತೆ ತೂಗಿ ನೋಡಿರೆಂದು ಕೇಳುವ ಸ್ಥಳ ಅವಲ್ಲ. ಸಾಕ್ಷಿಗಳ ವಿಚಾರಣೆಯೇ ನಡೆಯದ ಕಡತದಲ್ಲಿ ತೂಗುವುದಾದರೂ ಏನನ್ನು?

ಇನ್ನೊಂದು ವಿಚಿತ್ರ ನೋಡಿ. ಒಪ್ಪಂದವಿಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ಸುಮ್ಮನೆ ತಪ್ಪೊಪ್ಪಿಕೊಂಡವನಿಗೆ, ಸಜೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ವಿಷಯದಲ್ಲಾದರೂ ಅಪೀಲು ಉಂಟು. ಒಪ್ಪಂದ ಮಾಡಿಕೊಂಡವನಿಗೆ ಅದೂ ಇಲ್ಲ.

ಕಾನೂನಿನ ಹೊರಗೆ ಬಾಯಿಮಾತಿನಲ್ಲಿ ಮಾಡಿಕೊಳ್ಳುವ ಒಪ್ಪಂದ ಇನ್ನೂ ಅಪಾಯ. ಈ ಏರ್ಪಾಡು ಬರುವುದಕ್ಕೆ ಬಹಳ ಮುಂಚೆ, ಗುಜರಾತಿನ ಒಂದು ಆಹಾರ ಕಲಬೆರಕೆ ಮೊಕದ್ದಮೆಯಲ್ಲಿ ಹಗುರ ಸಜೆಯ ಆಸೆಯಿಂದ ಆಪಾದಿತನು ತಪ್ಪೊಪ್ಪಿದ. ಹೈಕೋರ್ಟು ಸಜೆಯನ್ನು ಹೆಚ್ಚಿಸಿತು. 1980ರಲ್ಲಿ ಸುಪ್ರೀಂ ಕೋರ್ಟು ಅಂಥ ತಪ್ಪೊಪ್ಪಿಗೆ ನಿಲ್ಲದೆಂದು ಮರುವಿಚಾರಣೆಗೆ ಕಳುಹಿಸಿತು.

ಆದ್ದರಿಂದಲೇ ಈಗ ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು, ಆಪಾದಿತನನ್ನು ಒಬ್ಬನನ್ನೇ ಕರೆದು, ಸ್ವಂತ ಇಚ್ಛೆಯಿಂದ ಅರ್ಜಿ ಹಾಕಿದೆಯಾ ಎಂದು ಕೇಳುತ್ತಾರೆ. ಯಾರಾದರೂ ಹೆದರಿಸಿದ್ದರೆ, ಅರ್ಜಿಯಲ್ಲಿ ಬರೆದದ್ದು ತಿಳಿಯದಿದ್ದರೆ, ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು. ಆಗ ಮೊಕದ್ದಮೆ ಮಾಮೂಲು ವಿಚಾರಣೆಗೆ ಹಿಂದಿರುಗುತ್ತದೆ. ಅರ್ಜಿಯಲ್ಲಿ ಹೇಳಿದ್ದನ್ನು ಬೇರೆ ಕೆಲಸಕ್ಕೆ ಬಳಸಕೂಡದೆಂದೂ ಕಾನೂನಿದೆ.

ಹೆಬ್ಬೆಟ್ಟು ಒತ್ತುವುದಕ್ಕೆ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ. ಬಂಧನದಲ್ಲಿರುವವರಿಗೂ, ಹೆಂಗಸರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ವರಮಾನ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆಯಾಗಿ ಗೊತ್ತುಮಾಡಿಕೊಡುತ್ತಾರೆ.